ಎಣಿಸುವ ಮತ, ತೂಗುವ ಅರ್ಜಿ

ಗೋಕರ್ಣದಿಂದ ದಕ್ಷಿಣಕ್ಕೆ, ಕುಡ್ಲೆಯ ಗುಡ್ಡವನ್ನು ಹತ್ತಿ ಇಳಿದವರಿಗೆ ಓಂ ಬೀಚ್ ಎದುರಾಗುತ್ತದೆ. ಅರ್ಧಚಂದ್ರದಂತೆ ಬಾಗಿದ ಎರಡು ಮರಳ ದಂಡೆಗಳು, ಅವುಗಳ ನಡುವೆ ಸಮುದ್ರಕ್ಕೆ ಚಾಚಿಕೊಂಡ ಬಂಡೆಗಳ ಮೂಗು. ಮೇಲಿನಿಂದ ನೋಡಿದಾಗ ಕಾಣುವ ಈ ಆಕಾರವೇ ಅದಕ್ಕೆ ಹೆಸರನ್ನು ತಂದುಕೊಟ್ಟಿದೆ. ಕುಮಟಾ ತಾಲೂಕಿನ ಈ ದಂಡೆ ಎರಡು ನದೀಮುಖಗಳ ನಡುವೆ ಇದೆ. ದಕ್ಷಿಣದ ತದಡಿಯಲ್ಲಿ ಅಘನಾಶಿನಿ ಕಡಲನ್ನು ಸೇರುತ್ತದೆ. ಉತ್ತರದಲ್ಲಿ ಸೇರುವುದು ಗಂಗಾವಳಿ. ಘಟ್ಟದ ಮೇಲಿನವರು ಬೇಡ್ತಿ ಎಂದು ಕರೆಯುವ ಹೊಳೆಯೇ ಕೆಳಗಿಳಿದು ಗಂಗಾವಳಿಯಾಗುತ್ತದೆ. ಅಲ್ಲಿಂದ ಇನ್ನೂ ಉತ್ತರಕ್ಕೆ ಸಾಗಿದರೆ ಕಾರವಾರ, ಕಾಳಿ ನದಿ. ಕಾಳಿಯನ್ನು ದಾಟಿ ಸದಾಶಿವಗಡ, ಮಾಜಾಳಿಗಳ ಆಚೆಗೆ ಗೋವಾ.

ಪ್ರವಾಸಿಯ ಕಣ್ಣಿಗೆ ಇದೆಲ್ಲ ಒಂದೇ ಕರಾವಳಿ. ಚರಿತ್ರೆಯ ಕಣ್ಣಿಗೆ ಹಾಗಲ್ಲ. ಈ ಸೀಮೆ ಯಾವ ಪ್ರಾಂತ್ಯಕ್ಕೆ ಸೇರಬೇಕು, ಈ ನದಿಗಳಿಗೆ ಅಣೆಕಟ್ಟು ಬೇಕೇ ಬೇಡವೇ, ಇಲ್ಲಿ ಅಣುಸ್ಥಾವರ ಬರಬೇಕೇ ಎಂಬ ದೊಡ್ಡ ಪ್ರಶ್ನೆಗಳು ಒಂದೊಂದು ಕಾಲದಲ್ಲಿ ಒಂದೊಂದು ದಾರಿಯಿಂದ ತೀರ್ಮಾನವಾದವು. ಕೆಲವು ಅರ್ಜಿಯಿಂದ, ಕೆಲವು ಮತದಿಂದ. ಈ ಎರಡನ್ನೂ ‘ಜನಾಭಿಪ್ರಾಯ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಡುವ ರೂಢಿ ಬೆಳೆದಿದೆ. ಹತ್ತು ಸಾವಿರ ಸಹಿಗಳು ಬಿದ್ದರೆ ಜನ ಬೇಡವೆಂದಿದ್ದಾರೆ ಎನ್ನುತ್ತಾರೆ. ಚುನಾವಣೆಯಲ್ಲಿ ಸೋತರೆ ವಾದವೇ ಸೋತಿತು ಎನ್ನುತ್ತಾರೆ. ಉತ್ತರ ಕನ್ನಡದ ಅನುಭವ ಎರಡನ್ನೂ ಒಪ್ಪುವುದಿಲ್ಲ.

ಪದಗಳಿಂದಲೇ ಆರಂಭಿಸಬಹುದು. ‘ಅರ್ಜಿ’ ಅರಬ್ಬೀ ಮೂಲದ್ದು, ಫಾರಸಿಯ ದಫ್ತರಗಳ ಮೂಲಕ ಕನ್ನಡಕ್ಕೆ ಬಂದದ್ದು. ಅದಕ್ಕೂ ಮೊದಲು ಕನ್ನಡದಲ್ಲಿ ‘ಬಿನ್ನಹ’ ಇತ್ತು. ಅದು ಸಂಸ್ಕೃತದ ‘ವಿಜ್ಞಾಪನ’ದ ತದ್ಭವ. ಕಷ್ಟವನ್ನು ತಿಳಿಸಿ ಪರಿಹಾರ ಬೇಡುವುದು ಎರಡರ ಅರ್ಥವೂ ಹೌದು. ಬೇಡುವವನು ಒಬ್ಬನಿದ್ದರೂ ಸಾಕು, ಕೇಳಿಸಿಕೊಳ್ಳುವ ಪ್ರಭು ಎದುರಿಗಿರಬೇಕು. ‘ಮತ’ದ ಕಥೆ ಬೇರೆ. ಅಭಿಪ್ರಾಯವೂ ಮತವೇ, ಧರ್ಮಪಂಥವೂ ಮತವೇ, ಚುನಾವಣೆಯ ಓಟೂ ಮತವೇ. ಈ ಮೂರನೆಯ ಅರ್ಥದಲ್ಲಿ ಅದು ಯಾರನ್ನೂ ಬೇಡುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರಿಸುತ್ತದೆ, ಅಷ್ಟೆ.

ಇದರಿಂದ ಹೊರಡುವ ವ್ಯತ್ಯಾಸಗಳು ಸಣ್ಣವಲ್ಲ. ಅರ್ಜಿಯಲ್ಲಿ ಪ್ರಶ್ನೆಯನ್ನು ಬರೆಯುವವನು ಕಷ್ಟದಲ್ಲಿರುವವನು; ಮತದಾನದಲ್ಲಿ ಪ್ರಶ್ನೆಯನ್ನು ಬರೆಯುವವನು ಅಧಿಕಾರದಲ್ಲಿರುವವನು. ಅರ್ಜಿಗೆ ಹೆಸರು, ಸಹಿ ಬೇಕು, ಹೆಸರಿಲ್ಲದ ಅರ್ಜಿಯನ್ನು ಮೂಗರ್ಜಿ ಎಂದು ಬದಿಗಿಡುತ್ತಾರೆ. ಮತಕ್ಕೆ ಹೆಸರು ಕೂಡದು, ಅದು ಗುಟ್ಟಾಗಿರಬೇಕು. ಮತದಲ್ಲಿ ಬೇಡವೆನ್ನುವವನಿಗೂ ಒಂದು ಚೀಟಿ ಇದೆ. ಅರ್ಜಿಯಲ್ಲಿ ಅವನಿಗೆ ಜಾಗವೇ ಇಲ್ಲ, ಸಹಿ ಮಾಡದೆ ಸುಮ್ಮನಿರಬಹುದು ಅಷ್ಟೆ. ಆದ್ದರಿಂದ ಸಹಿಗಳನ್ನು ಎಷ್ಟೇ ಎಣಿಸಿದರೂ ಎದುರು ಪಕ್ಷದಲ್ಲಿ ಎಷ್ಟು ಜನರಿದ್ದಾರೆಂಬುದು ತಿಳಿಯದು. ಕೊನೆಯದಾಗಿ, ಮತದಿಂದ ಹೊರಡುವುದು ಫಲಿತಾಂಶ. ಅರ್ಜಿ ಬಯಸುವುದು ಉತ್ತರ. ಮತವನ್ನು ಎಣಿಸಬೇಕು, ಅರ್ಜಿಯನ್ನು ಓದಬೇಕು.

ಉತ್ತರ ಮತ್ತು ದಕ್ಷಿಣ ಎಂಬ ಭೇದವಿಲ್ಲದೆ ಕೆನರಾ ಒಂದೇ ಜಿಲ್ಲೆಯಾಗಿ ಮದರಾಸು ಪ್ರಾಂತ್ಯದಲ್ಲಿದ್ದಾಗ, 1830-31ರಲ್ಲಿ, ರೈತರ ‘ಕೂಟ’ಗಳು ಎದ್ದವು. ಭತ್ತದ ಬೆಲೆ ಇಳಿದಿತ್ತು, ನಗದಿನಲ್ಲಿ ಕಟ್ಟಬೇಕಾದ ಕಂದಾಯ ಇಳಿದಿರಲಿಲ್ಲ. ಅದೇ ಹೊತ್ತಿಗೆ ಘಟ್ಟದ ಮೇಲೆ ಮೈಸೂರಿನ ನಗರ ಸೀಮೆಯಲ್ಲೂ ರೈತರು ದಂಗೆಯೆದ್ದಿದ್ದರು. ಕೆನರಾದ ರೈತರು ದೇವಸ್ಥಾನಗಳ ಬಳಿ ನೆರೆದರು. ಮಂಗಳೂರಿನ ಕದ್ರಿ ಅಂಥ ಕೂಟಗಳ ದೊಡ್ಡ ಕೇಂದ್ರವಾಯಿತು. ಕಲೆಕ್ಟರರಿಗೆ ಅರ್ಜಿಗಳನ್ನು ಕೊಟ್ಟರು, ಅಹವಾಲು ಕೇಳುವವರೆಗೆ ಕಂದಾಯ ಕಟ್ಟುವುದಿಲ್ಲವೆಂದು ಕುಳಿತರು. ಓಟಿನ ಹಕ್ಕು ಎಂಬ ಮಾತೇ ಇಲ್ಲದ ಕಾಲದಲ್ಲಿ ಅರ್ಜಿಯೊಂದೇ ಅವರ ಕೈಲಿದ್ದ ಸಾಧನ. ಅದರ ಬಲ ಕಾಗದದಲ್ಲಿರಲಿಲ್ಲ, ಕಾಗದದ ಹಿಂದೆ ಒಟ್ಟಾಗಿ ಕುಳಿತ ಜನರಲ್ಲಿತ್ತು. ಕಂಪನಿ ಸರಕಾರ ಕೆನರಾದ ಕಂದಾಯದ ಬಗ್ಗೆ ವಿಚಾರಣೆ ನಡೆಸಬೇಕಾಯಿತು.

ಅರ್ಜಿ ಬಡವರ ಸ್ವತ್ತೇ ಆಗಿರಬೇಕೆಂದೇನೂ ಇಲ್ಲ. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬಹುದು, ಬಯಲೂ ಬಂದರೂ ಒಂದೇ ಪ್ರಾಂತ್ಯದಲ್ಲಿದ್ದರೆ ಅನುಕೂಲ ಎಂಬುದು ಮುಂಬಯಿಯ ವರ್ತಕರ ಹಾಗೂ ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳ ಒತ್ತಾಯ. ಆ ಒತ್ತಾಯ ಫಲಿಸಿತು. ಕುಮಟೆ, ಹೊನ್ನಾವರ, ಭಟ್ಕಳ, ಗೋಕರ್ಣಗಳೆಲ್ಲ ಸುಮಾರು ಒಂದು ಶತಮಾನ ಮುಂಬಯಿಯ ಆಡಳಿತಕ್ಕೆ ಸೇರಿದ್ದು ಹೀಗೆ. ಯಾರ ಮನವಿ ಯಾರ ಕಿವಿಗೆ ಬೀಳುತ್ತದೆ ಎಂಬುದು ಸಹಿಗಳ ಸಂಖ್ಯೆಯನ್ನು ಅವಲಂಬಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕನ್ನಡ ನಾಡಿನಲ್ಲಿ ಅರ್ಜಿ ಮೆಲ್ಲಗೆ ಮತವಾದ ಬಗೆಯನ್ನು ನೋಡಲು ಮೈಸೂರಿಗೆ ಹೋಗಬೇಕು. 1881ರಲ್ಲಿ ದಿವಾನ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರಾ ಸಮಯದಲ್ಲಿ ಕೂಡುತ್ತಿತ್ತು. ಮೊದಲ ಸಭೆಗೆ ಬಂದವರು 144 ಮಂದಿ. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವರು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕೆರೆ, ರಸ್ತೆ, ಶಾಲೆ, ಕಂದಾಯದ ಅಹವಾಲುಗಳನ್ನು ಮುಂದಿಡುವರು. ಆದರೆ ಯಾವ ವಿಷಯವನ್ನೂ ಮತಕ್ಕೆ ಹಾಕುವಂತಿರಲಿಲ್ಲ. ಅದು ಅರ್ಜಿಗಳ ಸಭೆಯಾಗಿತ್ತು. 1891ರ ಹೊತ್ತಿಗೆ ಪ್ರತಿನಿಧಿಗಳ ಆಯ್ಕೆಗೆ ಚುನಾವಣೆ ಬಂದಿತು. 1923ರ ಸುಧಾರಣೆಯಲ್ಲಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಕೇಳಿಸಿಕೊಳ್ಳಬೇಕೆಂಬ ಹಕ್ಕು ಮೊದಲು, ತೀರ್ಮಾನಿಸುವ ಹಕ್ಕು ಆಮೇಲೆ ಎಂಬ ಈ ಕ್ರಮ ಮೈಸೂರಿಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನಲ್ಲಿ ದೊರೆಗೆ ಅರ್ಜಿ ಸಲ್ಲಿಸುವ ಹಕ್ಕನ್ನು 1689ರ ಹಕ್ಕುಗಳ ಶಾಸನವೇ ಖಚಿತಪಡಿಸಿತ್ತು. ಸಾಮಾನ್ಯ ದುಡಿಮೆಗಾರನಿಗೆ ಓಟು ಸಿಗಲು ಆಮೇಲೆ ಸುಮಾರು ಎರಡು ಶತಮಾನಗಳೇ ಬೇಕಾದವು.

ಆ ಓಟಿಗಾಗಿ ಅಲ್ಲಿ ನಡೆದ ಹೋರಾಟವೇ ಅರ್ಜಿಯನ್ನು ಮತದಂತೆ ಬಳಸುವುದರ ಅಪಾಯವನ್ನು ತೋರಿಸಿಕೊಟ್ಟಿತು. ಚಾರ್ಟಿಸ್ಟ್ ಚಳವಳಿಗಾರರು 1848ರ ಏಪ್ರಿಲಿನಲ್ಲಿ ಪಾರ್ಲಿಮೆಂಟಿಗೆ ತಂದ ಅರ್ಜಿಯಲ್ಲಿ 57 ಲಕ್ಷ ಸಹಿಗಳಿವೆ ಎಂದು ಸಾರಿದರು. ಗುಮಾಸ್ತರು ಎಣಿಸಿದಾಗ ಸಿಕ್ಕಿದ್ದು 20 ಲಕ್ಷಕ್ಕೂ ಸ್ವಲ್ಪ ಕಡಿಮೆ. ಅದರಲ್ಲೂ ವಿಕ್ಟೋರಿಯಾ ರಾಣಿಯ ಹೆಸರು, ವೆಲಿಂಗ್ಟನ್ ಡ್ಯೂಕನ ಹೆಸರು, ಗೇಲಿಯ ಅಡ್ಡಹೆಸರುಗಳು ಇದ್ದವು. ಸಭೆಯೆಲ್ಲ ನಕ್ಕಿತು, ಅರ್ಜಿ ಬಿದ್ದುಹೋಯಿತು. ಆದರೆ ಅರ್ಜಿಯೊಳಗಿದ್ದ ಆರು ಬೇಡಿಕೆಗಳಲ್ಲಿ ಐದು ಮುಂದೆ ಒಂದೊಂದಾಗಿ ಬ್ರಿಟನ್ನಿನ ಕಾನೂನಾದವು. ಸಂಖ್ಯೆಯನ್ನು ಮುಂದುಮಾಡಿದ್ದರಿಂದ ಎದುರಾಳಿಗೆ ಸಂಖ್ಯೆಯನ್ನೇ ಹೊಡೆಯುವ ಅವಕಾಶ ಸಿಕ್ಕಿತು. ಒಳಗಿನ ವಿಚಾರವನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ನೂರು ವರ್ಷಗಳ ನಂತರ ಭಾರತದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಎಚ್.ಎನ್. ಕುಂಜ್ರು ಹಾಗೂ ಕೆ.ಎಂ. ಪಣಿಕ್ಕರ್ ಇದ್ದರು. ಇವರು 104 ಊರುಗಳಿಗೆ ಹೋಗಿ, 38,000 ಮೈಲಿಗೂ ಹೆಚ್ಚು ತಿರುಗಿ, 9,000ಕ್ಕೂ ಹೆಚ್ಚು ಜನರ ಮಾತು ಕೇಳಿದರು. ಆಯೋಗಕ್ಕೆ ಬಂದ ಕಾಗದಪತ್ರಗಳು 1,52,250. ಇಷ್ಟರಲ್ಲಿ ಚೆನ್ನಾಗಿ ಆಲೋಚಿಸಿ ಬರೆದ ಮನವಿಗಳು ಸುಮಾರು 2,000ವನ್ನು ಮೀರವು ಎಂದು ಆಯೋಗವೇ ವರದಿಯಲ್ಲಿ ಹೇಳಿತು. ಮಿಕ್ಕವು ಬಹುಪಾಲು ಒಂದೇ ಬಗೆಯ ತಂತಿಗಳು, ಅಚ್ಚು ಹಾಕಿಸಿದ ಠರಾವುಗಳು. ಒಂದೂವರೆ ಲಕ್ಷ ಕಾಗದಗಳ ಗಂಟನ್ನು ಮತಪೆಟ್ಟಿಗೆಯೆಂದು ಭಾವಿಸಿ ಎಣಿಸಿದ್ದರೆ ತಂತಿಗೆ ಹೆಚ್ಚು ಹಣ ಖರ್ಚು ಮಾಡಿದ ಪಕ್ಷವೇ ಗೆಲ್ಲುತ್ತಿತ್ತು. ಆಯೋಗ ತೂಗಿ ನೋಡುವ ದಾರಿ ಹಿಡಿಯಿತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿಯಿಂದ ಬಿಡುಗಡೆಯಾಗಿ ಕನ್ನಡ ನಾಡಿಗೆ ಸೇರಿತು.

ತೂಗುವ ಕ್ರಮಕ್ಕೂ ದೋಷವಿಲ್ಲದಿಲ್ಲ. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡಿಗರು ಕವಿ ಕಯ್ಯಾರ ಕಿಞ್ಞಣ್ಣ ರೈ ಅವರಂಥವರ ಮುಂದಾಳುತನದಲ್ಲಿ ದಶಕಗಳ ಕಾಲ ಮನವಿಯ ಮೇಲೆ ಮನವಿ ಸಲ್ಲಿಸಿದರು. ತಕ್ಕಡಿ ಹಿಡಿದವನ ಕೈಯೇ ಕೊನೆಯ ಮಾತಾದಾಗ ಬೇಡುವವನು ಮತ್ತೆ ಬೇಡುವುದನ್ನು ಬಿಟ್ಟು ಬೇರೇನು ಮಾಡಬಲ್ಲ?

ಹಾಗಾದರೆ ಮತವನ್ನೇ ಕೇಳಿಬಿಟ್ಟರೆ ಆಗದೇ ಎಂಬ ಪ್ರಶ್ನೆಗೆ ಉತ್ತರ ಕಾಳಿ ನದಿಯ ಆಚೆ ಸಿಗುತ್ತದೆ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಗೋವಾ ಮುಂದೇನಾಗಬೇಕೆಂಬ ಚರ್ಚೆ ಕಾವೇರಿತ್ತು. 1963ರ ಚುನಾವಣೆಯಲ್ಲಿ ಗೆದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆನ್ನುತ್ತಿತ್ತು. ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ದೃಷ್ಟಿಯಲ್ಲಿ ತಮ್ಮ ಗೆಲುವೇ ಜನಮತವಾಗಿತ್ತು. ಎದುರು ಪಕ್ಷವಾದ ಯುನೈಟೆಡ್ ಗೋವನ್ಸ್‌ನ ಜ್ಯಾಕ್ ಡಿ ಸಿಕ್ವೇರಾ ಮತ್ತು ಸಂಗಡಿಗರು ಇದನ್ನು ಒಪ್ಪಲಿಲ್ಲ. ಜನ ಒಂದು ಸರಕಾರವನ್ನು ಆರಿಸಿದ್ದಾರೆ, ಗೋವಾದ ಅಸ್ತಿತ್ವವನ್ನು ಅಳಿಸಲು ಒಪ್ಪಿಗೆ ಕೊಟ್ಟಿಲ್ಲ. ಆ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು ಎಂದು ದೆಹಲಿಗೆ ನಿಯೋಗ ಹೋಗಿ ಮನವಿ ಮಾಡಿಕೊಂಡರು. ಸ್ವಾರಸ್ಯವೆಂದರೆ ಮತದಾನ ದೊರಕಿದ್ದೇ ಮನವಿಯಿಂದ.

ಸಂವಿಧಾನದಲ್ಲಿ ಜನಮತಗಣನೆಗೆ ಅವಕಾಶವಿಲ್ಲದ್ದರಿಂದ ಪಾರ್ಲಿಮೆಂಟು 1966ರ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ಕಾಯಿದೆ ಮಾಡಿತು. ಆಡಳಿತದ ಪ್ರಭಾವ ಮತದಾನದ ಮೇಲೆ ಬೀಳಬಾರದೆಂದು ಬಾಂದೋಡಕರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. 1967ರ ಜನವರಿ 16ರಂದು ಗೋವಾದ ಜನ ಮತಗಟ್ಟೆಗೆ ಹೋದರು. ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಕ್ಕೆ ಎರಡೆಲೆಯ ಗುರುತು. ಹೂವಿಗೆ 1,38,170 ಮತಗಳು, ಎರಡೆಲೆಗೆ 1,72,191. ಕುಲಗೆಟ್ಟ ಮತಗಳು 7,272. ಅಂತರ 34,021. ವರ್ಷಗಳ ಕಾಲ ಭಾಷಣ, ಪತ್ರಿಕೆ, ಮೆರವಣಿಗೆಗಳಲ್ಲಿ ಬಗೆಹರಿಯದಿದ್ದ ವಿವಾದವನ್ನು ಈ ಒಂದು ಅಂಕಿ ಬಗೆಹರಿಸಿತು. ಸೋತ ಪಕ್ಷವೂ ಲೆಕ್ಕವನ್ನು ಒಪ್ಪಬೇಕಾಯಿತು.

ಮತದಾನದ ದೊಡ್ಡ ಗುಣ ಇದು. ಅದರ ಮಿತಿಗಳೂ ಅಲ್ಲಿಯೇ ಕಾಣುತ್ತವೆ. ಗೋವಾದವರ ಮುಂದೆ ಇದ್ದದ್ದು ಎರಡೇ ಗುರುತು. ಪೂರ್ಣ ರಾಜ್ಯದ ಸ್ಥಾನ ಬಯಸಿದವರಿಗೆ ಮೂರನೆಯ ಗುರುತು ಇರಲಿಲ್ಲ. ಆ ಸ್ಥಾನ ಬಂದದ್ದು 1987ರ ಮೇ 30ರಂದು. ಮುಂಬಯಿಯಲ್ಲೂ ಬೇರೆಡೆಯೂ ದುಡಿಯುತ್ತಿದ್ದ ಸಾವಿರಾರು ಗೋವನ್ನರು ಮತ ಕೊಡುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನ ಮತವನ್ನು ಎಣಿಸುವುದು ಹೇಗೆ? ಎಲ್ಲಕ್ಕಿಂತ ಮುಖ್ಯವಾದ ಪಾಠ ಎರಡೇ ತಿಂಗಳಲ್ಲಿ ಸಿಕ್ಕಿತು. 1967ರ ಮಾರ್ಚಿನಲ್ಲಿ ನಡೆದ ವಿಧಾನಸಭೆ ಚುನಾವಣೆಯಲ್ಲಿ ಅದೇ ಬಾಂದೋಡಕರರ ಪಕ್ಷ ಗೆದ್ದು ಮತ್ತೆ ಅಧಿಕಾರಕ್ಕೆ ಬಂದಿತು. ಸರಕಾರ ಯಾರದಿರಬೇಕು ಎಂದು ಕೇಳಿದಾಗ ಒಂದು ಉತ್ತರ, ವಿಲೀನವಾಗಬೇಕೇ ಎಂದು ಕೇಳಿದಾಗ ಇನ್ನೊಂದು. ಜನ ಚಂಚಲರಾಗಿರಲಿಲ್ಲ, ಪ್ರಶ್ನೆ ಬೇರೆಯಾಗಿತ್ತು. ಒಂದು ಪ್ರಶ್ನೆಗೆ ಬಂದ ಮತವನ್ನು ಇನ್ನೊಂದು ಪ್ರಶ್ನೆಯ ಉತ್ತರವೆಂದು ಹೇಳಿಕೊಳ್ಳುವ ಎಲ್ಲ ಸರಕಾರಗಳಿಗೂ ಇದು ನೆನಪಿರಬೇಕಾದ ಸಂಗತಿ.

ಯಾರನ್ನು ಕೇಳಿದರು ಎಂಬುದು ಎಷ್ಟು ಮುಖ್ಯವೆಂದರೆ, ಅದರಲ್ಲಿ ತಪ್ಪಿದರೆ ಎಷ್ಟು ಜನರನ್ನು ಕೇಳಿದರೂ ಪ್ರಯೋಜನವಿಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳುಹಿಸಿತು. ಉತ್ತರ ಬರೆದವರು 20 ಲಕ್ಷಕ್ಕೂ ಹೆಚ್ಚು. ಅವರ ಪ್ರಕಾರ ಗೆಲ್ಲಬೇಕಾದವನು ಲ್ಯಾಂಡನ್. ಗೆದ್ದವನು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆ ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆರಿಸಿತ್ತು. ಕೆಲಸ ಕಳೆದುಕೊಂಡವರ ಬಳಿ ಎರಡೂ ಇರಲಿಲ್ಲ. ಚೀಟಿ ತಲುಪಿದವರಲ್ಲೂ ಹುರುಪಿದ್ದವರು ಮಾತ್ರ ಉತ್ತರಿಸಿದ್ದರು. ಹೀಗೆ ತಾವಾಗಿ ಮುಂದೆ ಬಂದವರನ್ನು ಮಾತ್ರ ಎಣಿಸುವ ಮತ, ಹೆಸರಿಗೆ ಮತವಾದರೂ, ಗುಣದಲ್ಲಿ ಅರ್ಜಿಯೇ ಆಗಿರುತ್ತದೆ.

ಗೋವಾ ಮತ ಹಾಕಲು ಸಜ್ಜಾಗುತ್ತಿದ್ದ ಅದೇ ದಿನಗಳಲ್ಲಿ ಕಾಳಿಯ ಈಚೆಗೆ ಇನ್ನೊಂದು ದಾರಿಯ ಪ್ರಯೋಗ ನಡೆದಿತ್ತು. ಬೆಳಗಾವಿಯ ಜೊತೆಗೆ ಕಾರವಾರ, ಹಳಿಯಾಳ, ಸೂಪಾ ತಾಲೂಕುಗಳ ಹಳ್ಳಿಗಳೂ ಸೇರಿ 814 ಹಳ್ಳಿಗಳು ತನಗೆ ಬರಬೇಕೆಂದು ಮಹಾರಾಷ್ಟ್ರ ಕೇಳುತ್ತಿತ್ತು. ಸೇನಾಪತಿ ಬಾಪಟರ ಉಪವಾಸದ ಹಿನ್ನೆಲೆಯಲ್ಲಿ 1966ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಯಿತು. ಭಾಷೆ, ಭೌಗೋಳಿಕ ಸಂಪರ್ಕಗಳ ಜೊತೆಗೆ ‘ಜನರ ಇಚ್ಛೆ’ಯನ್ನೂ ಅಳತೆಗೋಲಾಗಿ ಹಿಡಿಯಬೇಕೆಂಬುದು ಮಹಾರಾಷ್ಟ್ರದ ವಾದ. ಆದರೆ ಇಲ್ಲಿ ಮತಪೆಟ್ಟಿಗೆ ಇಡಲಿಲ್ಲ. ಆಯೋಗ 2,240 ಮನವಿಗಳನ್ನು ಸ್ವೀಕರಿಸಿತು, 7,572 ಜನರನ್ನು ಕಂಡು ಮಾತಾಡಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಬೆಳಗಾವಿ ಜಿಲ್ಲೆಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, ಮಹಾರಾಷ್ಟ್ರದ 247 ಹಳ್ಳಿಗಳು ಅಂದಿನ ಮೈಸೂರು ರಾಜ್ಯಕ್ಕೆ ಎಂದು ಶಿಫಾರಸು ಮಾಡಿತು. ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕು, ಕಾರವಾರ, ಹಳಿಯಾಳ, ಸೂಪಾಗಳ ಮೇಲಿನ ಹಕ್ಕು ನಿಲ್ಲದು, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಎಂದಿತು.

ಗೋವಾದ ಅಂಕಿಯನ್ನು ಎಲ್ಲರೂ ಒಪ್ಪಿದರು. ಮಹಾಜನ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿನ ಮಾತನ್ನು ಕೇರಳ ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು, ಎಂದರೆ ಮತ್ತೊಂದು ಅರ್ಜಿ. ವಿವಾದವನ್ನು ಮುಗಿಸುವ ಶಕ್ತಿ ಮತಕ್ಕೆ ಹೆಚ್ಚೆಂಬುದು ಇದರಿಂದ ಸ್ಪಷ್ಟ. ಆದರೆ ಹಳ್ಳಿ ಹಳ್ಳಿಯಲ್ಲಿ ಮತ ಎಣಿಸಿದ್ದರೆ ನೆರೆಹೊರೆಯವರು ಯಾವ ಭಾಷೆಯವರೆಂಬುದೇ ಅಂದಿನಿಂದ ಅವರ ಗುರುತಾಗಿಬಿಡುತ್ತಿತ್ತು ಎಂಬುದನ್ನೂ ಮರೆಯಲಾಗದು. ಕಾರವಾರದ ಮನೆಗಳಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ ಒಟ್ಟಿಗೆ ಬಾಳಬಲ್ಲವು; ಹೌದು-ಅಲ್ಲಗಳ ಚೀಟಿಯಲ್ಲಿ ಇಂಥ ಬಾಳಿಗೆ ಗುರುತಿಲ್ಲ.

ಗಡಿಯ ಪ್ರಶ್ನೆಗಳನ್ನು ಬಿಟ್ಟು ಹೊಳೆಗಳ ಪ್ರಶ್ನೆಗೆ ಬಂದರೆ ಅರ್ಜಿಯ ನಿಜವಾದ ಬಲ ಎಲ್ಲಿದೆಯೆಂದು ತಿಳಿಯುತ್ತದೆ. ಬೇಡ್ತಿ ನದಿಗೆ ಯಲ್ಲಾಪುರದ ಸೀಮೆಯಲ್ಲಿ ಅಣೆಕಟ್ಟು ಕಟ್ಟಿ 210 ಮೆಗಾವ್ಯಾಟ್ ವಿದ್ಯುತ್ತು ತೆಗೆಯುವ ಯೋಜನೆ 1970ರ ದಶಕದ ಕೊನೆಯಲ್ಲಿ ಸಿದ್ಧವಾಯಿತು. ಮುಳುಗಡೆಯಾಗುವ ಅಡಿಕೆ ತೋಟಗಳವರು ಜಿಲ್ಲೆಯಲ್ಲೇ ಅಲ್ಪಸಂಖ್ಯಾತರು. ವಿದ್ಯುತ್ತು ಬೇಕೇ ಬೇಡವೇ ಎಂದು ರಾಜ್ಯದ ಜನರ ಮತ ಕೇಳಿದ್ದರೆ ಅವರು ಗೆಲ್ಲುವ ಸಂಭವವಿರಲಿಲ್ಲ. ಅವರು ಬೇರೆ ದಾರಿ ಹಿಡಿದರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಮುಂದಾಳುತನದಲ್ಲಿ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಈ ಪರಿಶೀಲನೆಯಲ್ಲಿ ಪಾಲುಗೊಂಡರು. ಮುಳುಗುವ ಕಾಡಿಗೆ, ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಯೋಜನೆಯ ಲೆಕ್ಕಪತ್ರ ಸರಿಯಾದ ಬೆಲೆ ಕಟ್ಟಿಲ್ಲವೆಂಬುದನ್ನು ಅಂಕಿಅಂಶಗಳೊಂದಿಗೆ ತೋರಿಸಿದರು. ಯೋಜನೆ ನಿಂತಿತು. ಹೀಗೆ ಕೆಲವರ ಅರ್ಜಿ ಬಹುಸಂಖ್ಯೆಯ ಹಂಗಿಲ್ಲದೆ ಗೆದ್ದಿತು. ಓದಲು ಯೋಗ್ಯವಾದದ್ದು ಅದರಲ್ಲಿತ್ತು. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಮಾತು ಇತ್ತೀಚಿನ ವರ್ಷಗಳಲ್ಲಿ ಎದ್ದಾಗ ಘಟ್ಟದ ಜನ ಮತ್ತೆ ಸೇರಿದ್ದಾರೆ. ಅರ್ಜಿಯ ಗೆಲುವಿಗೆ ಅಂತಿಮ ಮುದ್ರೆ ಇಲ್ಲ, ಅದನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ.

ಕಾಳಿ ನದಿಯ ದಂಡೆಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂದು 1980ರ ದಶಕದಲ್ಲಿ ಮನವಿಗಳು, ಸಭೆಗಳು, ಮೆರವಣಿಗೆಗಳು ನಡೆದವು. ಶಿವರಾಮ ಕಾರಂತರು ಅದರ ಮುಂಚೂಣಿಯಲ್ಲಿದ್ದರು. ಕೊನೆಗೆ 1989ರ ಲೋಕಸಭಾ ಚುನಾವಣೆಯಲ್ಲಿ, 87ರ ವಯಸ್ಸಿನಲ್ಲಿ, ಅವರು ಕೆನರಾ ಕ್ಷೇತ್ರದಿಂದ ಪರಿಸರದ ಪರವಾಗಿ ಸ್ಪರ್ಧಿಸಿದರು. ಅರ್ಜಿಯನ್ನೇ ಮತವಾಗಿ ಬದಲಾಯಿಸುವ ಪ್ರಯತ್ನ ಅದು. ಕಾರಂತರು ಸೋತರು, ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ. ಸ್ಥಾವರದ ಪರವಾಗಿದ್ದವರಿಗೆ ಇದರಿಂದ ಒಂದು ಮಾತು ಸಿಕ್ಕಿತು: ಜನರೇ ತೀರ್ಪು ಕೊಟ್ಟಿದ್ದಾರಲ್ಲ.

ಜನ ಕೊಟ್ಟ ತೀರ್ಪು ಯಾವ ಪ್ರಶ್ನೆಗೆ? ಲೋಕಸಭೆಗೆ ಮತ ಹಾಕುವವನ ಮನಸ್ಸಿನಲ್ಲಿ ಪಕ್ಷ, ಜಾತಿ, ಊರ ರಸ್ತೆ, ದೆಹಲಿಯ ಸರಕಾರ, ಅಭ್ಯರ್ಥಿಯ ಪರಿಚಯ ಎಲ್ಲವೂ ಇರುತ್ತವೆ. ಆ ಚೀಟಿಯಲ್ಲಿ ಕೈಗಾದ ಹೆಸರಿರಲಿಲ್ಲ. ಇದ್ದಿದ್ದರೂ ಸ್ಥಾವರ ಸುರಕ್ಷಿತವೇ ಎಂಬುದನ್ನು ಎಣಿಕೆಯಿಂದ ತಿಳಿಯಲಾಗದು. 1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲೇ ಒಂದು ಘಟಕದ ಗುಮ್ಮಟದ ಒಳಪದರು ಕುಸಿಯಿತು, ವಿನ್ಯಾಸವನ್ನು ತಿದ್ದಬೇಕಾಯಿತು. 2000ದಲ್ಲಿ ಮೊದಲೆರಡು ಘಟಕಗಳು ವಿದ್ಯುತ್ ಒದಗಿಸತೊಡಗಿದವು. 2018ರಲ್ಲಿ ಒಂದನೆಯ ಘಟಕ 962 ದಿನ ನಿಲ್ಲದೆ ನಡೆದು ಜಾಗತಿಕ ದಾಖಲೆ ಮಾಡಿತು. ಈ ಎರಡೂ ಸಂಗತಿಗಳು ಸುರಕ್ಷತೆಯ ಚರ್ಚೆಯಲ್ಲಿ ಒಂದೊಂದು ಪಕ್ಷಕ್ಕೆ ಬೇಕಾದವು. 1989ರ ಮತ ಎಣಿಕೆಯಾದರೋ ಎರಡರ ಬಗ್ಗೆಯೂ ಏನನ್ನೂ ಹೇಳಿರಲಿಲ್ಲ. ಆದರೂ ಅಂದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರಿಗೆ ಚುನಾವಣೆಯ ಸೋಲು ಒಂದು ನೆಪವಾಯಿತು. ಅರ್ಜಿಯನ್ನು ಮತದ ಅಖಾಡಕ್ಕೆ ಇಳಿಸಿದಾಗ ಆಗುವ ನಷ್ಟ ಇದು.

ಈಗ ಸಹಿ ಹಾಕಲು ಕಚೇರಿಗೆ ಹೋಗಬೇಕಿಲ್ಲ, ಪೆನ್ನೂ ಬೇಕಿಲ್ಲ. ಕೈಯಲ್ಲಿನ ಮೊಬೈಲಿನಲ್ಲಿ ಬೆರಳೊತ್ತಿದರೆ ಸಹಿಯೂ ಆಯಿತು, ಮತವೂ ಆಯಿತು. ಎರಡಕ್ಕೂ ಒಂದೇ ಬೆರಳು, ಒಂದೇ ಕ್ಷಣ. ಆದ್ದರಿಂದಲೇ ಎರಡರ ಭೇದ ಮಸುಕಾಗಿದೆ. ಸಹಿಗಳ ಸಂಖ್ಯೆ ಏರುತ್ತಿದ್ದಂತೆ ಅದನ್ನೇ ಬಹುಮತವೆಂದು ಸಾರಲಾಗುತ್ತದೆ, ಚಾರ್ಟಿಸ್ಟರ ಗುಮಾಸ್ತರು ಹಿಡಿದ ಹುಳುಕುಗಳೇ ಮತ್ತೆ ಸಿಗುತ್ತವೆ. ತಾವಾಗಿ ಬಂದವರನ್ನಷ್ಟೇ ಎಣಿಸಿ ‘ಶೇಕಡಾ ಇಷ್ಟು ಜನ ಒಪ್ಪಿದ್ದಾರೆ’ ಎಂದು ಪ್ರಕಟಿಸಲಾಗುತ್ತದೆ, ‘ಲಿಟರರಿ ಡೈಜೆಸ್ಟ್’ನ ತಪ್ಪು ಮರುಕಳಿಸುತ್ತದೆ. ಬ್ರಿಟನ್ನಿನ ಪಾರ್ಲಿಮೆಂಟು 2015ರಿಂದ ನಡೆಸುತ್ತಿರುವ ಅರ್ಜಿ ವ್ಯವಸ್ಥೆಯಲ್ಲಿ 10,000 ಸಹಿಗಳಾದರೆ ಸರಕಾರ ಉತ್ತರ ಕೊಡುತ್ತದೆ, 1,00,000 ಆದರೆ ಚರ್ಚೆಗೆ ಪರಿಶೀಲಿಸುತ್ತಾರೆ. ಅಲ್ಲಿ ಸಂಖ್ಯೆಯ ಕೆಲಸ ಬಾಗಿಲು ತಟ್ಟುವುದು ಮಾತ್ರ, ತೀರ್ಮಾನ ಕೊಡುವುದಲ್ಲ. ಈ ವಿವೇಕ ಅನುಕರಣೀಯ.

ಓಂ ಬೀಚಿನ ದಕ್ಷಿಣಕ್ಕೆ ಹರಿಯುವ ಅಘನಾಶಿನಿಗೆ ಬೇಡ್ತಿಯಷ್ಟು, ಕಾಳಿಯಷ್ಟು ದೊಡ್ಡ ಕಥೆ ಇಲ್ಲವೆನ್ನಬಹುದು. ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಸುತ್ತಲಿನವರು ವಿರೋಧಿಸಿದರು, ಪ್ರಸ್ತಾಪ ಕೈಬಿಟ್ಟಿತು. ಆ ವಿಷಯವನ್ನು ಯಾರೂ ಮತಕ್ಕೆ ಹಾಕಲಿಲ್ಲ. ಹಾಕಿದ್ದರೆ ಹಿನ್ನೀರಿನಲ್ಲಿ ಬಳಚು ಹೆಕ್ಕಿ ಬದುಕುವ ಹೆಂಗಸರು ಪಟ್ಟಿಯಲ್ಲಿ ಎಷ್ಟು ಮಂದಿಯಾಗುತ್ತಿದ್ದರು? 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಗೋಕರ್ಣದ ಪೇಟೆಗೆ ಬಳಚು ಇಂದಿಗೂ ಆ ಕೆಸರಿನಿಂದಲೇ ಬರುತ್ತದೆ.